ನ್ಯಾಯ ಬೇಡವೆಂದ ಮಿರ್ಚಿ ಅಕ್ಕ

ನಾನು ಐದನೇ ತರಗತಿಗೆ ಶಾಲೆ ಬಿಟ್ಟವನು. ಬಿಟ್ಟದ್ದಕ್ಕೆ ಬೇಸರವಿಲ್ಲ. ಮಕ್ತಲ್‌ನಿಂದ ನಾರ್ವದವರೆಗೆ ನಾನು ಕಟ್ಟಿದ ಮನೆಗಳಲ್ಲಿ ಬಹಳ ಓದಿದವರು ಮಲಗುತ್ತಾರೆ, ಮಳೆಗಾಲದಲ್ಲಿ ಒಬ್ಬರ ಮೂಗಿನ ಮೇಲೂ ಹನಿ ಬಿದ್ದಿಲ್ಲ. ಇಂಥ ನನ್ನನ್ನು ಲೋಕಶಾಂತಿಯ ಕೆಲಸಕ್ಕೆ ಎಳೆದು ತಂದದ್ದು ಸಿಮೆಂಟು.

ತೆಲುಗು ಸೀಮೆಯ ಗಡಿಯಲ್ಲಿರುವ ನಮ್ಮ ಮಕ್ತಲ್‌ನಲ್ಲಿ, ನಾರಾಯಣಪೇಟೆಗೆ ಹೋಗುವ ರಸ್ತೆಯಲ್ಲಿ ಗೊಬ್ಬರದ ಅಂಗಡಿಯೊಂದು ಮುಚ್ಚಿತ್ತು. ಹೈದರಾಬಾದಿನ ಯಾರೋ ದೊಡ್ಡವರು ಅದನ್ನು ಬಾಡಿಗೆಗೆ ಹಿಡಿದು, ಗೊಬ್ಬರದ ವಾಸನೆ ಹೋಗುವ ಮೊದಲೇ ಬೋರ್ಡು ಹಾಕಿಸಿದರು. ಮೇಲೆ ತೆಲುಗಿನಲ್ಲಿ, ಕೆಳಗೆ ಕನ್ನಡದಲ್ಲಿ: ಶಾಂತಿ ಮತ್ತು ಸಾಮಾಜಿಕ ನ್ಯಾಯ ಕೇಂದ್ರ. ಇಲ್ಲಿ ಕನ್ನಡದ ಮನೆಗಳೂ ಇವೆಯೆಂದು ಕೇಳಿ, ನೋಡಿಕೊಳ್ಳಲು ಮೈಸೂರು ಕಡೆಯ ಸರ್ ಒಬ್ಬರನ್ನು ಕಳಿಸಿದರು. ಒಳ್ಳೆಯ ಮನುಷ್ಯ. ಖಾದಿ ಅಂಗಿ, ಮೆತ್ತನೆ ಮಾತು, ಬಿಳಿ ಕಾರು.

ಎಡವಟ್ಟಾದದ್ದು ಬೋರ್ಡಿನಲ್ಲಿ. ನಮ್ಮ ಕಡೆ ಶಾಂತಿ ಎಂದರೆ ಶನಿಕಾಟಕ್ಕೆ ಮಾಡಿಸುವ ಪೂಜೆ. ನ್ಯಾಯ ಎಂದರೆ ಜಗಳ. ಗಂಡ ಹೆಂಡತಿ ಪಾತ್ರೆ ಎಸೆದಾಡಿದರೆ ‘ಅವರ ಮನ್ಯಾಗ ನ್ಯಾಯ ನಡದೈತಿ’ ಅನ್ನುತ್ತೇವೆ. ಮಕ್ಕಳು ಕಿತ್ತಾಡಿದರೆ ‘ನ್ಯಾಯ ಮಾಡಬ್ಯಾಡ್ರಲೇ’ ಎಂದು ಗದರಿಸುತ್ತೇವೆ. ಹೀಗಾಗಿ ಊರು ಓದಿಕೊಂಡದ್ದು: ಪೂಜೆ ಮತ್ತು ಜಗಳದ ಕೇಂದ್ರ. ಮೊದಲು ಬಂದವನು ಮಗನ ಜಾತಕ ಹಿಡಿದುಕೊಂಡು, ರಾಹುಶಾಂತಿಗೆ ದಿನ ಕೇಳಲು ಬಂದಿದ್ದ. ಗುಡಿಯ ಆಚಾರ್ಯರು ಎರಡು ಸಲ ಆಚೆ ಫುಟ್‌ಪಾತಿನಲ್ಲಿ ನಿಂತು, ಒಳಗೆ ಯಾವ ಮಠದವರು ಕುಳಿತಿದ್ದಾರೆಂದು ಇಣುಕಿ ನೋಡಿ ಹೋದರು.

ನನ್ನ ಹೆಂಡತಿಗೆ ಹೇಳಿದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ಒಂದೇ ಮನ್ಯಾಗ ಶಾಂತಿನೂ ಮಾಡತಾರ, ನ್ಯಾಯಾನೂ ಮಾಡತಾರ? ಅದು ನಮ್ಮನ್ಯಾಗೂ ಐತಲ್ರೀ. ಬೋರ್ಡ್ ಒಂದಿಲ್ಲ.”

ನನಗೆ ಬಂದ ಕೆಲಸ ಮೆಟ್ಟಿಲು ಮತ್ತು ರ‍್ಯಾಂಪು. ಕಾಲಿಲ್ಲದವರೂ ಮೂರು ಗಾಲಿ ಸೈಕಲ್ಲಿನಲ್ಲಿ ನೇರ ಒಳಗೆ ಬರಬೇಕು ಎಂದರು ಸರ್. ಒಪ್ಪತಕ್ಕ ಮಾತು. ಆದರೆ ಬಾಗಿಲಿನ ಬಲಕ್ಕೆ ಸರ್ ಕಾರು ನಿಲ್ಲುತ್ತಿತ್ತು, ಬೇವಿನ ನೆರಳಿನಲ್ಲಿ. ಎಡಕ್ಕೆ ಮಿರ್ಚಿ ಅಕ್ಕ ಕುಳಿತಿದ್ದಳು.

ಈ ಅಕ್ಕ ಗೊಬ್ಬರದಂಗಡಿಯ ಕಾಲದಿಂದಲೂ ಅಲ್ಲೇ, ಅದೇ ಗೋಡೆಗೆ ಬೆನ್ನು ಹಚ್ಚಿ, ಕಟ್ಟಿಗೆ ಒಲೆಯ ಮೇಲೆ ಬಾಣಲೆ ಇಟ್ಟು ಮಿರ್ಚಿ ಬಜ್ಜಿ ಕರಿಯುವವಳು. ಗಂಡನಿಲ್ಲ. ಮಗಳ ಹೆರಿಗೆ, ಮೊಮ್ಮಗಳ ಶಾಲೆ, ಎಲ್ಲ ಆ ಬಾಣಲೆಯಿಂದಲೇ ಎದ್ದು ಬಂದದ್ದು. ನಾರಾಯಣಪೇಟೆ ಬಸ್ಸು ಅಲ್ಲಿ ನಿಧಾನವಾಗುತ್ತದೆ, ಜನ ಕಿಟಕಿಯಿಂದ ಕೈ ಚಾಚುತ್ತಾರೆ. ಆ ಜಾಗ ಹೋದರೆ ಅವಳ ಸಂಸಾರವೇ ಹೋದಂತೆ.

“ತಾತ್ಕಾಲಿಕವಾಗಿ ಬೇರೆ ಕಡೆ ಕೂರೋಕೆ ಹೇಳಿ ಮೇಸ್ತ್ರಿ. ಪ್ರೀತಿಯಿಂದ ಹೇಳಿ,” ಎಂದರು ಸರ್.

ಪ್ರೀತಿಯಿಂದಲೇ ಹೇಳಿದೆ. ಅವಳು ಒಲೆಯ ಕಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದಳು. ಅವಳ ಒಲೆಯಿದ್ದ ಜಾಗದಲ್ಲೇ ನಾನು ರ‍್ಯಾಂಪು ಕಟ್ಟಿದೆ. ಹೊಗಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಅಂಥ ಇಳಿಜಾರು ಗದ್ವಾಲದ ದೊಡ್ಡಾಸ್ಪತ್ರೆಯಲ್ಲೂ ಇಲ್ಲ.

ಬಸ್‌ಸ್ಟ್ಯಾಂಡಿನ ಹೋಟೆಲಿನವನು ಅವಳನ್ನು ಅಲ್ಲಿಂದಲೂ ಎಬ್ಬಿಸಿದ. ಅಲ್ಲಿಂದ ಚರಂಡಿ ಪಕ್ಕ ಹೋದಳು. ಚರಂಡಿ ಪಕ್ಕ ಕುಳಿತವಳ ಮಿರ್ಚಿಯನ್ನು ಯಾರು ತಿನ್ನುತ್ತಾರೆ? ಒಂದು ಮಧ್ಯಾಹ್ನ ಕೇಂದ್ರಕ್ಕೇ ಬಂದು ನಿಂತಳು. ನಾನು ಒಳಗೆ ಟೈಲ್ಸ್ ಕೂರಿಸುತ್ತಿದ್ದೆ.

ಸರ್ ಎದ್ದು ನಿಂತು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: “ಅಮ್ಮಾ, ಭಯಪಡಬೇಡಿ. ನಿಮಗೆ ನ್ಯಾಯ ಬೇಕು, ಅಲ್ವಾ?”

ಅಕ್ಕ ಗಾಬರಿಯಾಗಿ ಕುರ್ಚಿಯಿಂದ ಎದ್ದಳು. “ಅಯ್ಯೋ, ಬ್ಯಾಡ್ರೀ ಯಪ್ಪಾ! ನನಗ್ಯಾಕ ನ್ಯಾಯ?”

“ಹಾಗನ್ನಬಾರದು. ನ್ಯಾಯ ಎಲ್ಲರ ಹಕ್ಕು.”

“ನಮ್ಮ ವಂಶದಾಗ ಯಾರೂ ನ್ಯಾಯ ಮಾಡಿದವ್ರಲ್ರೀ. ಮರ್ಯಾದಸ್ತ ಮಂದಿ ನಾವು.”

“ನೀವು ಮಾಡಬೇಡಿ. ನಾವು ಮಾಡ್ತೀವಿ. ನಿಮ್ಮ ಜೊತೆ ನಾವೆಲ್ಲ ಸೇರಿ ಮಾಡ್ತೀವಿ.”

“ನನ್ನ ಜೊತಿನಾ? ನಾನೇನು ತಪ್ಪು ಮಾಡೇನಿ ಅಂತ ನೀವೆಲ್ಲ ಸೇರಿ ಬರ್ತೀರಿ?” ಎಂದು ಬಾಗಿಲ ಕಡೆ ಸರಿದಳು. ಹೋಗುವಾಗ ನನ್ನ ಕಡೆ ತಿರುಗಿ, “ಮೇಸ್ತ್ರಿ, ನನಗ ಜಾಗಾ ಬೇಕು, ನ್ಯಾಯ ಬ್ಯಾಡ. ಈ ಸಾಹೇಬ್ರಿಗಿ ನೀನರ ಹೇಳೋ,” ಎಂದಳು.

ಸರ್ ತಲೆಯ ಮೇಲೆ ಕೈಹೊತ್ತು ಕುಳಿತರು. “ನೋಡಿದ್ರಾ ಮೇಸ್ತ್ರಿ? ಶತಮಾನಗಳ ದಬ್ಬಾಳಿಕೆ. ನ್ಯಾಯ ಕೊಟ್ಟರೂ ಬೇಡ ಅನ್ನೋ ಸ್ಥಿತಿ.”

“ಶತಮಾನ ಅಲ್ರೀ ಸರ್,” ಎಂದೆ. “ರ‍್ಯಾಂಪು.” ನ್ಯಾಯವೆಂದರೆ ಇಲ್ಲಿ ಜಗಳವೆಂದೂ ಬಿಡಿಸಿ ಹೇಳಿದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ರ‍್ಯಾಂಪಿನ ಮಾತು ಅಲ್ಲೇ ಬಿದ್ದುಹೋಯಿತು. ಆ ವಾರದ ಸಭೆಯನ್ನು ಪೂರ್ತಿ ಆ ಒಂದು ಪದದ ಮೇಲೆ ನಡೆಸಿದರು. ಇಂಥ ಸೂಕ್ಷ್ಮ ತಿಳಿದವರು ಬೇಕೆಂದು ನನ್ನನ್ನು ಸ್ಥಳೀಯ ಸಮಿತಿಗೆ ಸೇರಿಸಿ, ಎದೆಗೆ ಪಾರಿವಾಳದ ಬಿಲ್ಲೆ ಚುಚ್ಚಿದರು. ನಾನು ಬೇಡ ಅನ್ನಲಿಲ್ಲ. ಸಮಿತಿಯಲ್ಲಿದ್ದ ಹೆಡ್‌ಮಾಸ್ತರರ ಸಮಕ್ಕೆ ಕುರ್ಚಿ ಸಿಗುವುದು ನಮ್ಮಂಥವರಿಗೆ ದಿನಾ ಬರುವ ಮಾತಲ್ಲ.

ಸಮಿತಿಯಲ್ಲಿ ದುಂಡಗೆ ಕೂರಬೇಕು, ಯಾರೂ ಮೇಲಲ್ಲ ಕೆಳಗಲ್ಲ ಎಂದು. ಫ್ಯಾನು ಮಾತ್ರ ಸರ್ ತಲೆಯ ಮೇಲಿತ್ತು. ಮೊದಲು ಕಣ್ಣು ಮುಚ್ಚಿ ಮೌನ. ನನಗೆ ಮೌನದಲ್ಲಿ ಗೊರಕೆ ಬರುತ್ತಿತ್ತು, ಅದನ್ನು ಧ್ಯಾನ ಎಂದುಕೊಂಡರು. ಒಂದು ಸಲದ ವಿಷಯ ಬೀದಿ ವ್ಯಾಪಾರಿಗಳ ಹಕ್ಕು. ತಿಂಡಿಗೆ ಮಿರ್ಚಿ ತರಿಸಿದ್ದರು, ಬಸ್‌ಸ್ಟ್ಯಾಂಡಿನ ಆ ಹೋಟೆಲಿನಿಂದ. ತಣ್ಣಗೆ, ಒದ್ದೆ ಬಟ್ಟೆಯ ಹಾಗೆ.

“ಈ ಊರಲ್ಲಿ ಒಳ್ಳೇ ಮಿರ್ಚಿ ಎಲ್ಲೂ ಸಿಗಲ್ವಾ?” ಎಂದು ಕೇಳಿದರು ಸರ್.

ಎಲ್ಲರೂ ರ‍್ಯಾಂಪಿನ ಕಡೆ ನೋಡಿದೆವು. ಸಮಿತಿಯಲ್ಲಿ ಕಾಲಿಲ್ಲದವನೊಬ್ಬನಿದ್ದ, ಮೂರು ಗಾಲಿ ಸೈಕಲ್ಲಿನ ದರ್ಜಿ; ಅವನು ಮಾತ್ರ ಬಾಯಿ ಬಿಟ್ಟ: “ಸಿಗ್ತಿತ್ತು ಸರ್. ಅದರ ಮ್ಯಾಲೇ ನಾನು ಸೈಕಲ್ ಹತ್ತಿಸ್ಕೊಂಡು ಬಂದೀನಿ.”

ಸರ್ ಅದನ್ನು ತಮಾಷೆ ಎಂದುಕೊಂಡು ನಕ್ಕರು. ನಾನು ಬಿಡಲಿಲ್ಲ, ಜಾಗದ ಮಾತು ತೆಗೆದೆ. ಹೈದರಾಬಾದಿನ ಒಪ್ಪಿಗೆಯಿಲ್ಲದೆ ಒಂದು ಇಟ್ಟಿಗೆಯನ್ನೂ ಕದಲಿಸುವಂತಿಲ್ಲ ಎಂದರು. ಕಟ್ಟಲು ನಾನೊಬ್ಬ ಸಾಕಾಗಿತ್ತು, ಕೆಡವಲು ಹೈದರಾಬಾದೇ ಬೇಕಂತೆ.

ಆಮೇಲೆ ಶಾಂತಿ ನಡಿಗೆ ಬಂತು. ಕೇಂದ್ರದಿಂದ ಬಸ್‌ಸ್ಟ್ಯಾಂಡಿನವರೆಗೆ, ಸಂತೆಯ ದಿನ, ಬಿಳಿ ಟೋಪಿ ಹಾಕಿಕೊಂಡು. ಘೋಷಣೆ ಸರ್ ಬರೆದದ್ದು: ‘ಬೇಕೇ ಬೇಕು, ನ್ಯಾಯ ಬೇಕು!’ ಈ ಪದ ಬೇಡವೆಂದು ನಾನು ಕೈಮುಗಿದು ಹೇಳಿದೆ. ಪದದ ನಿಜವಾದ ಅರ್ಥವನ್ನು ಜನರಿಗೆ ಮರಳಿಸುವುದೂ ಹೋರಾಟವೇ ಎಂದರು.

ಹಾಗಾಗಿ ಮಕ್ತಲ್‌ನ ಸಂತೆಯಲ್ಲಿ, ಹೆಡ್‌ಮಾಸ್ತರರು, ದರ್ಜಿ, ನಾನು ಮತ್ತು ಇನ್ನಷ್ಟು ಜನ ಗಂಟಲು ಹರಿಯುವಂತೆ ಜಗಳ ಬೇಕು, ಜಗಳ ಬೇಕು ಎಂದು ಕೂಗುತ್ತ ನಡೆದೆವು. ಬಳೆಯವಳು ಬುಟ್ಟಿ ಮುಚ್ಚಿದಳು. ಚಪ್ಪಲಿಯಂಗಡಿ ಶಟರ್ ಅರ್ಧ ಇಳಿಯಿತು. ಹೋಟೆಲಿನವನು ಗಲ್ಲಾ ಬಿಟ್ಟು ಒಳಗೆ ಓಡಿದ. ಒಬ್ಬ ಮುದುಕ ಮಾತ್ರ ಉತ್ಸಾಹದಿಂದ ಪಂಚೆ ಎತ್ತಿ ಕಟ್ಟಿ, “ಯಾರ ಜೋಡಿ ಐತ್ರಿ? ನಾನೂ ಬರ್ತೀನಿ,” ಎಂದು ನಮ್ಮ ಹಿಂದೆ ಬಂದ.

ಪೊಲೀಸಿನವನು ಲಾಠಿ ಅಡ್ಡ ಹಿಡಿದು ನಿಲ್ಲಿಸಿದ. “ಏಂದಿ ಲೊಲ್ಲಿ?” ಎಂದು, ಏನು ಗಲಾಟೆಯೆಂದು ತೆಲುಗಿನಲ್ಲಿ ಗದರಿ, ಟೋಪಿಗಳನ್ನು ನೋಡಿ ಕನ್ನಡಕ್ಕೆ ಇಳಿದ. “ಯಾರ ಜೋಡಿ ನ್ಯಾಯ ನಿಮ್ದು? ಮೊದಲ ಅದನ್ನ ಹೇಳ್ರಿ.”

ಸರ್ ಬಾಯಿ ತೆರೆದರು. ವ್ಯವಸ್ಥೆಯ ಜೊತೆ ಎಂದರು. “ಅವ ಯಾವ ಊರವ?” ಎಂದು ಕೇಳಿದ ಪೊಲೀಸಿನವನು.

ಆಗ ಚರಂಡಿ ಪಕ್ಕದಿಂದ ಮಿರ್ಚಿ ಅಕ್ಕ ಎದ್ದು ಬಂದಳು, ಜಾಲರಿ ಸೌಟು ಕೈಯಲ್ಲೇ ಇತ್ತು. “ಇವ್ರಿಗಿ ಯಾರ ಜೋಡಿನೂ ನ್ಯಾಯ ಇಲ್ಲೇಳು. ನ್ಯಾಯ ನಂದೈತಿ, ಇವ್ರ ಜೋಡಿ. ಅವತ್ತು ಬ್ಯಾಡ ಅಂದಿದ್ದೆ, ಇವತ್ತು ಬೇಕು. ಇವ್ರ ಸಿಮೆಂಟ್ ಕಟ್ಟಿ ನನ್ನ ಒಲಿ ಮ್ಯಾಲ ಬಂದು ಕುಂತೈತಿ. ಎಲ್ರೂ ಇದ್ದೀರಿ, ಈಗಿಂದೀಗ ಫೈಸಲಾ ಮಾಡ್ರಿ.”

ಸಂತೆಗೆ ಸಂತೆಯೇ ಸುತ್ತ ನೆರೆಯಿತು. ಆಚಾರ್ಯರೂ ಬಂದರು. ಪೊಲೀಸಿನವನಿಗೆ ಡ್ಯೂಟಿಯ ಮೇಲೆ ಇಂಥ ಸಂತೋಷ ಯಾವತ್ತೂ ಸಿಕ್ಕಿರಲಿಕ್ಕಿಲ್ಲ. “ಹೇಳ್ರಿ ಸರ್. ಮುದುಕಿ ಕೇಳಾಕ ಹತ್ಯಾಳ.”

“ರ‍್ಯಾಂಪು ಅಂಗವಿಕಲರ ಹಕ್ಕು,” ಎಂದರು ಸರ್. ಸುಳ್ಳಲ್ಲ. ಅಕ್ಕ ದರ್ಜಿಯ ಸೈಕಲ್ಲು ನೋಡಿ ಸೌಟು ಕೆಳಗಿಳಿಸಿದಳು. ಒಂದು ಕ್ಷಣ ಅವಳ ಜಾಗ ಹೋದಂತೆಯೇ ಅನ್ನಿಸಿತು.

ದರ್ಜಿಯೇ ಹೇಳಿದ: “ನನಗ ಎಡಗಡೆನೇ ಬೇಕು ಅಂತ ಏನಿಲ್ರೀ. ಬಲಗಡೆ ಕಟ್ಟಿದ್ರೂ ಹತ್ತತೀನಿ. ನೆರಳೂ ಐತಿ.”

“ಬಲಗಡೆ ಕಾರು ಇದೆಯಲ್ಲಪ್ಪಾ,” ಎಂದುಬಿಟ್ಟರು ಸರ್.

ಅಂದ ಮೇಲೆ ಅವರಿಗೇ ಅದು ಕೇಳಿಸಿತು. ಕಿವಿ ಕೆಂಪಾಯಿತು. ಯಾರೂ ನಗಲಿಲ್ಲ, ಅದೇ ಕಷ್ಟವಾದದ್ದು. ಟೋಪಿ ತೆಗೆದು ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ, “ಹೈದರಾಬಾದಿಗೆ ನಾನು ಹೇಳ್ಕೋತೀನಿ. ಒಡೀರಿ ಮೇಸ್ತ್ರಿ,” ಎಂದರು.

ನಾನು ಕಟ್ಟಿದ್ದನ್ನು ನಾನೇ ಒಡೆದದ್ದು ಜೀವಮಾನದಲ್ಲಿ ಅದೊಂದೇ. ಗಟ್ಟಿ ಕೆಲಸ, ಬೇಗ ಬಿಡಲಿಲ್ಲ. ಪ್ರತಿ ಏಟಿಗೂ ನನಗೆ ಹೆಮ್ಮೆ, ಪ್ರತಿ ಏಟಿಗೂ ಸಂಕಟ. ಅಕ್ಕ ಪಕ್ಕದಲ್ಲಿ ನಿಂತು, “ಇಷ್ಟು ಸಿಮೆಂಟ್ ಯಾರ ಹಾಕಂದಿದ್ರೋ ನಿನಗ?” ಎಂದು ಬೈಯುತ್ತಿದ್ದಳು. ಬಲಗಡೆ ಬೇವಿನ ಕೆಳಗೆ ಹೊಸ ರ‍್ಯಾಂಪು ಎದ್ದಿತು. ಕಾರು ಬಿಸಿಲಿಗೆ ಹೋಯಿತು.

ಈಗ ಅಕ್ಕ ತನ್ನ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದಾಳೆ, ಬಸ್ಸು ನಿಧಾನವಾಗುತ್ತದೆ. ನಾನು ಬಳಿದಿದ್ದ ಬಿಳಿ ಸುಣ್ಣ ಅವಳ ಒಲೆಯ ಹೊಗೆಗೆ ಆಳೆತ್ತರ ಕಪ್ಪಾಗಿದೆ. ಹೈದರಾಬಾದಿನಿಂದ ದೊಡ್ಡವರು ನೋಡಲು ಬರುತ್ತಾರೆ, ಆ ಮಸಿ ಕಾಣಬಾರದು, ಸುಣ್ಣ ಬಳಿಯುವಷ್ಟು ದಿನ ಆಕೆ ಸ್ವಲ್ಪ ಆಚೆ ಕೂರಲಿ ಎಂದು ಸರ್ ಹೇಳಿದ್ದಾರೆ. ತಾತ್ಕಾಲಿಕವಾಗಿ. ಒಳ್ಳೆಯ ಸುಣ್ಣ ಗದ್ವಾಲದಲ್ಲಿ ಮಾತ್ರ ಸಿಗುತ್ತದೆ ಸರ್ ಎಂದಿದ್ದೇನೆ. ಗದ್ವಾಲಕ್ಕೆ ಹೋಗಿಬರಲು ನನಗಿನ್ನೂ ಪುರಸೊತ್ತು ಸಿಕ್ಕಿಲ್ಲ.