ನಾಯಿಗೆ ಸಲ್ಲಬೇಕಿದ್ದ ಚೆಂಡು

ಭದ್ರಾವತಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೆರಡು ವರ್ಷ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದೆ. ಅದು ಮುಚ್ಚಿದ ಮೇಲೆ ನನಗೆ ಕೂರುವುದೇ ಮರೆತುಹೋಯಿತು. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ.

"ಒಂದ್ ನಿಮಿಷ ಕೂತ್ಕೊಳ್ರೀ, ನೋಡಿ ನೋಡಿ ನಂಗೇ ತಲೆ ಸುತ್ತುತ್ತೆ" ಎನ್ನುತ್ತಿದ್ದಳು ಹೆಂಡತಿ.

ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಗಾದೆ ಒಗೆದು ಮತ್ತೆ ಅಂಗಳಕ್ಕಿಳಿಯುತ್ತಿದ್ದೆ. ಕೆಲಸ ಹೋದಾಗ ಬಂದ ಹಣ ಬ್ಯಾಂಕಿನಲ್ಲಿತ್ತು. ಅದನ್ನು ಒಂದು ಸಲ ಮಾತ್ರ ಹೂಡಬಹುದಿತ್ತು.

ಶಿವಮೊಗ್ಗದ ಏಜೆಂಟ್ ಎರಡು ಫ್ರಾಂಚೈಸಿ ತೋರಿಸಿದ. ಸಾಕುನಾಯಿಗಳಿಗೆ ತರಬೇತಿ ಕೊಡುವುದಕ್ಕೆ ನಾಲ್ಕು ಲಕ್ಷ, ಮೇಲೆ ಒಂದು ಖಾಲಿ ಸೈಟಿನ ಬಾಡಿಗೆ. ಸಿಡಿಮದ್ದು ಪತ್ತೆಹಚ್ಚುವ ನಾಯಿಗಳನ್ನು ಸಮಾರಂಭಗಳಿಗೆ ಕಳಿಸುವುದಕ್ಕೆ ಹನ್ನೊಂದು ಲಕ್ಷ. ಅದೂ ಶಿವಮೊಗ್ಗ ಬೇರೆ, ಭದ್ರಾವತಿ ಬೇರೆ ಎಂದು ಎರಡು ಫೀ! ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದ ದಾರಿ. ಮೈ ಉರಿಯಿತು. ಆದರೂ ಮನಸ್ಸು ಸಿಡಿಮದ್ದಿನ ನಾಯಿಗಳತ್ತಲೇ ಎಳೆಯಿತು, ಮತ್ತೆ ಯೂನಿಫಾರ್ಮ್ ಹಾಕಬಹುದಲ್ಲ ಎಂದು.

"ಮೊದ್ಲು ಒಬ್ಬ ಗಿರಾಕಿ ಒಪ್ಲಿ, ಆಮೇಲೆ ಸೈನ್ ಹಾಕಿ" ಎಂದಳು ಹೆಂಡತಿ.

ಆಯನೂರಿನ ಕಡೆಯ ಕಲ್ಯಾಣಮಂಟಪವೊಂದರ ಯಜಮಾನರನ್ನು ಹಿಡಿದೆ. ಅವರಿಗೆ ತೋರಿಸಲು ಫ್ರಾಂಚೈಸಿ ಕಂಪನಿಯವನು ಕಪ್ಪು ಲ್ಯಾಬ್ರಡಾರ್ ನಾಯಿಯನ್ನು ತಂದ. ಮದ್ದಿನ ವಾಸನೆ ಸಿಕ್ಕಿದರೆ ನಾಯಿ ಅಲ್ಲೇ ಕೂರುತ್ತದೆ, ಆಗ ಚೆಂಡು ಎಸೆಯಬೇಕು, ಅದೇ ಅದರ ಸಂಬಳ ಎಂದು ವಿವರಿಸಿದ. ಕುರ್ಚಿಗಳ ನಡುವೆ ಒಂದು ಮದ್ದಿನ ಪೊಟ್ಟಣ ಅಡಗಿಸಿಟ್ಟ.

ನಾಯಿ ಕುರ್ಚಿಗಳ ಕಡೆ ಹೋಗಲೇ ಇಲ್ಲ. ನೇರ ಬಂದು ಯಜಮಾನರ ಮುಂದೆ ಕೂತಿತು. ಎಬ್ಬಿಸಿದರೆ ಪಕ್ಕದಲ್ಲಿದ್ದ ಅವರ ಭಾವಮೈದುನನ ಮುಂದೆ ಕೂತಿತು.

"ಏನ್ ಮಾರಾಯ, ನಾವೇ ಬಾಂಬ್ ಇಟ್ಟೋರಾ?" ಯಜಮಾನರ ಮುಖ ಕೆಂಪಾಯಿತು.

ಭಾವಮೈದುನ ಕೈ ಮೂಸಿಕೊಂಡು ನಕ್ಕ. "ಬೆಳಿಗ್ಗೆ ತೋಟದಲ್ಲಿ ಮಂಗ ಓಡಿಸೋಕೆ ಪಟಾಕಿ ಹೊಡೆದ್ವಲ್ಲ ಭಾವ, ಅದೇ ವಾಸ್ನೆ!"

"ಇಲ್ಲಿ ಎಲ್ರೂ ತೋಟದೋರೇ. ಹಂಗಾದ್ರೆ ಮದುವೆಗೆ ಬರೋ ಅರ್ಧ ಜನರ ಮುಂದೆ ಕೂರುತ್ತೆ ಇದು. ಬೀಗರ ಮುಂದೆ ಕೂತ್ರೆ ನಾನೆಲ್ಲಿ ಮುಖ ಇಟ್ಕೊಳ್ಲಿ? ಬೇಡ, ಕರ್ಕೊಂಡು ಹೋಗಿ" ಎಂದು ಯಜಮಾನರು ಹೊರಟೇಹೋದರು.

ತಿಂಗಳುಗಟ್ಟಲೆ ಎರಡೂ ಫ್ರಾಂಚೈಸಿಗಳ ಖರ್ಚನ್ನು ತಾಳೆ ನೋಡಿದ್ದೆ. ನಮ್ಮ ಜನರ ಕೈ ಏನು ವಾಸನೆ ಹೊಡೆಯುತ್ತದೆಂದು ಯೋಚಿಸಿರಲಿಲ್ಲ.

ಕಂಪನಿಯವನು ಹಗ್ಗ ಜಗ್ಗಿದ. ನಾಯಿ ಏಳಲಿಲ್ಲ. ಚೆಂಡಿದ್ದ ಅವನ ಜೇಬನ್ನೇ ನೋಡುತ್ತ ಕೂತಿತ್ತು. ನನಗೆ ಕಾರ್ಖಾನೆಯ ಕೊನೆಯ ದಿನ ನೆನಪಾಯಿತು. ಗೇಟಿಗೆ ಬೀಗ ಹಾಕಿ, ರಿಜಿಸ್ಟರ್ ಬರೆದು, ಬೀಗದಕೈ ಹಿಡಿದು ಸ್ಟೂಲಿನ ಮೇಲೆ ಕಾದಿದ್ದೆ. ಅದನ್ನು ಇಸಿದುಕೊಳ್ಳಲೂ ಯಾರೂ ಬಂದಿರಲಿಲ್ಲ.

"ಅದಕ್ಕೆ ಚೆಂಡು ಕೊಡ್ರೀ" ಎಂದೆ.

"ಗಿರಾಕಿನೇ ಹೋದ್ರಲ್ಲ ಸರ್."

"ಅದೇನು ತಪ್ಪು ಮಾಡಿದೆ?"

ಅವನ ಜೇಬಿನಿಂದ ನಾನೇ ಚೆಂಡು ಕಿತ್ತುಕೊಂಡು ಎಸೆದೆ. ನಾಯಿ ಖಾಲಿ ಮಂಟಪದ ತುಂಬ ಓಡಿತು. ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು.

"ಏನಾಯ್ತು? ಒಪ್ಪಿದ್ರಾ?"

"ಇಲ್ಲ" ಎಂದು ಒಂದು ಕುರ್ಚಿ ಎಳೆದುಕೊಂಡೆ. "ಸ್ವಲ್ಪ ಹೊತ್ತು ಕೂತಿದ್ದು ಬರ್ತೀನಿ."