ಎಂಟು ಸೆಕೆಂಡಿನ ಸಾಕ್ಷಿ

ಸವದತ್ತಿ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಗಂಗಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಸುಳ್ಳಲ್ಲ. ಆದರೆ 1974ರಲ್ಲಿ ಅವನಿಗೆ ಬಂದ ಸಿಟ್ಟನ್ನು ತಪ್ಪೆನ್ನುವವರು ಒಂದು ದಿನ ಅವನ ಕುರ್ಚಿಯಲ್ಲಿ ಕುಳಿತು ನೋಡಲಿ.

ಪರೀಕ್ಷೆ ಬರೆದು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸನ್ಸ್ ಪಡೆದು, ಹಳೆಯ ವಾಲ್ವು ಕೂಡಿಸಿ ತಾನೇ ಟ್ರಾನ್ಸ್‌ಮಿಟರ್ ಕಟ್ಟಿ, ಮಾಳಿಗೆಯಿಂದ ಬೇವಿನ ಮರಕ್ಕೆ ತಂತಿ ಎಳೆದಿದ್ದ. ಭಾನುವಾರ ಮಧ್ಯಾಹ್ನ ಗಿಡ್ಡ-ಉದ್ದ ಸದ್ದುಗಳ ಮೋರ್ಸ್ ಕೀಲಿ ಕುಟ್ಟುತ್ತ ಕೂಡುವುದೇ ಅವನ ಹಬ್ಬ. ಒಮ್ಮೆ ಕರೆ ಕಳಿಸಿ ಕೈ ತೆಗೆದಿದ್ದಾನೆ, ಹೆಡ್‌ಫೋನಿನಲ್ಲಿ ಅದೇ ಕರೆ ಮರಳಿ ಬಂತು! ಉದ್ದ ಸದ್ದನ್ನು ತುಸು ಹೆಚ್ಚೇ ಎಳೆಯುವ ತನ್ನದೇ ಚಾಳಿ, ಎಂಟು ಸೆಕೆಂಡ್ ತಡವಾಗಿ.

ಆಕಾಶದ ಮೇಲ್ಪದರವಾದ ಅಯಾನುಗೋಳ ರೇಡಿಯೋ ಅಲೆಯನ್ನು ನೆಲಕ್ಕೆ ತಿರುಗಿಸುತ್ತದೆ, ಅದು ಹ್ಯಾಮ್ ಮಂದಿಗೆಲ್ಲ ಗೊತ್ತು. ಆದರೆ ಅಲೆ ಇಡೀ ಭೂಮಿ ಸುತ್ತಿ ಬರಲಿಕ್ಕೂ ಒಂದು ಸೆಕೆಂಡ್ ಹಿಡಿಯುವುದಿಲ್ಲ. ಉಳಿದ ಹೊತ್ತು ಅದು ಎಲ್ಲಿ ಹಾಳಾಗಿ ಹೋಗಿತ್ತು?

"ಯಾರೋ ಚ್ಯಾಷ್ಟಿ ಮಾಡ್ಯಾರ, ಬಿಡ್ರಿ," ಎಂದಳು ಹೆಂಡತಿ ಕೆಂಚವ್ವ. ಹ್ಯಾಮ್‌ಗಳ ಪತ್ರಿಕೆಯವರಿಗೆ ಬರೆದರೆ ಅವರೂ ಅದನ್ನೇ ಮರ್ಯಾದೆಯ ಇಂಗ್ಲಿಷಿನಲ್ಲಿ ಹೇಳಿದರು. ಅವರು ನಂಬಬೇಕಾದರೆ ಬೇರೆ ಊರಿನ ಇನ್ನೊಬ್ಬ ಹ್ಯಾಮ್ ಅದನ್ನು ಕೇಳಿ ಕಾರ್ಡಿನಲ್ಲಿ ಬರೆದು ಸಹಿ ಹಾಕಬೇಕು. ಏನು ಕೇಳಿಸಲಿದೆ ಎಂಬುದು ಅವನಿಗೆ ಮೊದಲೇ ತಿಳಿದಿರಕೂಡದು.

ಸುತ್ತಲಿನ ತಾಲೂಕುಗಳಲ್ಲೆಲ್ಲ ಇದ್ದ ಇನ್ನೊಬ್ಬನೇ ಹ್ಯಾಮ್ ರಾಮದುರ್ಗದಲ್ಲಿ ಟೆಲಿಗ್ರಾಂ ಬರೆದುಕೊಳ್ಳುವ ತಾರ್ ಗುಮಾಸ್ತ ಶಂಕ್ರೆಪ್ಪ. "ಪ್ರತಿ ಐತವಾರ ನಾಲ್ಕಕ್ಕ ಕರೀತೇನಿ. ಉತ್ತರ ಕೊಡಬ್ಯಾಡ್ರಿ, ಕೇಳಿದ್ದನ್ನ ಕಾರ್ಡಿನ್ಯಾಗ ಬರದು ಹಾಕ್ರಿ," ಎಂದಷ್ಟೇ ಗಂಗಯ್ಯ ಅವನಿಗೆ ತಿಳಿಸಿದ.

ಹದಿನಾಲ್ಕು ಭಾನುವಾರ ಬರೀ ಕರಕರ ಸದ್ದು. ಹದಿನೈದನೆಯದಕ್ಕೆ ಬಂತು! "ಬಂತಲೇ!" ಎಂದು ಅವನು ಕೂಗಿದ್ದಕ್ಕೆ ಯಾವ ಬೀಗರು ಬಂದರೋ ಎಂದು ಕೆಂಚವ್ವ ಬಾಗಿಲಿಗೆ ಹೋಗಿ ನೋಡಿದಳು.

ನಾಲ್ಕು ದಿನ ಅಂಚೆಯವನ ದಾರಿ ಕಾದ. ಮುತ್ತಿನಂಥ ಅಕ್ಷರದ ಕಾರ್ಡು ಬಂತು: "ನಾಲ್ಕು ಗಂಟೆ. ಕರೆ ಒಂದು. ಸ್ಪಷ್ಟ." ಗಂಗಯ್ಯ ಅದರ ಎರಡೂ ಬದಿ ತಿರುವಿ ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಗಾದರೆ ಕೆಟ್ಟದ್ದು ತನ್ನ ಕಿವಿಯೋ, ತಲೆಯೋ? ಮರುದಿನ ಅಂಗಡಿ ತೆರೆಯದೆ ರಾಮದುರ್ಗದ ಬಸ್ಸು ಹತ್ತಿದ.

"ಖರೇನ ಒಂದ ಕರೀ ಕೇಳಿತೇನ್ರಿ?"

ಶಂಕ್ರೆಪ್ಪ ಚಹಾ ಮುಂದಿಡುತ್ತ ನಕ್ಕ. "ಎರಡು ಬಂದಿದ್ವು ಬಿಡ್ರಿ. ಎರಡನೇದು ಭಾಳ ಸಣ್ಣಗ. ಕೈತಪ್ಪಿ ಮತ್ತೊಮ್ಮಿ ಹೊಡದೀರಿ ಅಂತ ತಿಳಕೊಂಡೆ. ತಾರಿನ್ಯಾಗ ಎರಡು ಸಲ ಬಂದದ್ದನ್ನ ನಾ ಒಮ್ಮೆನ ಬರೀತೇನಿ, ಇಪ್ಪತ್ತು ವರ್ಷದ ರೂಢಿ. ಮ್ಯಾಲ ನಿಮ್ಮ ತಪ್ಪನ್ನ ಕಾರ್ಡಿನ್ಯಾಗ ಹಾಕಿ ಊರಿಗೆಲ್ಲ ಸಾರಲೇನು?"

"ತಪ್ಪಲ್ಲೋ ಯಪ್ಪಾ ಅದು!" ಗಂಗಯ್ಯ ಹಣೆ ಹಣೆ ಬಡಿದುಕೊಂಡ. ಮೊದಲ ಸಲದ ಕರೆ, ಎಂಟು ಸೆಕೆಂಡ್, ಪತ್ರಿಕೆಯವರ ಉತ್ತರ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟ.

ಶಂಕ್ರೆಪ್ಪನ ಮುಖ ಸಪ್ಪಗಾಯಿತು. ಪಾಪ, ಒಳ್ಳೆಯ ಮನುಷ್ಯ. ತಕ್ಷಣ ಹೊಸ ಕಾರ್ಡು ತೆಗೆದು, ಎರಡು ಕರೆ ಎಂದು ಬರೆದು ಸಹಿ ಹಾಕಿ ಕೊಟ್ಟ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗಂಗಯ್ಯ ಅದನ್ನು ಕಿಸೆಗೆ ಹಾಕಿಕೊಂಡು, ಮತ್ತೆ ಹೊರತೆಗೆದ.

"ನಾ ಹೇಳಿದ ಮ್ಯಾಲ ಬರದದ್ದು ಸಾಕ್ಷಿ ಆಗೂದಿಲ್ರಿ," ಎಂದು ಕೊನೆಗೆ ಮರಳಿ ಕೊಟ್ಟ.

"ಹೋಗ್ಲಿ ಬಿಡ್ರಿ. ಮುಂದಿನ ಐತವಾರದಿಂದ ಎಚ್ಚರಲೆ ಕುಂಡ್ರತೇನಿ. ಎರಡು ಬಂದ್ರ ಎರಡೂ ಬರೀತೇನಿ."

ತನ್ನ ಬಾಯಿ ಏನು ಮಾಡಿತೆಂಬುದು ಗಂಗಯ್ಯನಿಗೆ ಆಗ ಹೊಳೆಯಿತು. ಮುಟ್ಟದ ಚಹಾ ಆರಿತ್ತು.

"ಇನ್ನ ನೀವು ಕೇಳಿದರೂ ನಡಿಯೂದಿಲ್ಲ, ಶಂಕ್ರೆಪ್ಪಾ," ಎಂದ. "ನಿಮಗ ಎಲ್ಲಾ ಗೊತ್ತಾಗಿಬಿಟ್ಟೈತಿ."