ಅಪ್ಪನ ಹೂವು, ಮೂಲೆಮನೆಯ ಕ್ಯಾಮೆರಾ

ನಾನು ಥ್ರಿಲ್ಲರ್ ಬರೆಯುತ್ತೇನೆ ಎಂದರೆ ನೆಂಟರು "ಓ, ಪತ್ತೇದಾರಿ!" ಎನ್ನುತ್ತಾರೆ. ಎರಡೂ ಬೇರೆ ಎಂದು ವಿವರಿಸಿ ವಿವರಿಸಿ ನನ್ನ ಬಾಯಿ ನೋಯುತ್ತದೆ. ಆ ವ್ಯತ್ಯಾಸ ನನಗೇ ಸರಿಯಾಗಿ ಅರ್ಥವಾದದ್ದು ಯಲಹಂಕದ ನಮ್ಮ ಬೀದಿಯ ಹೂಗಳ್ಳನಿಂದ.

ವಾಕಿಂಗ್ ಹೆಸರಿನಲ್ಲಿ ಕಂಡವರ ಕಾಂಪೌಂಡಿನ ದಾಸವಾಳ, ಕಣಗಿಲೆ ಬಿಡಿಸಿಕೊಂಡು ಬರುವ ಹಿರಿಯರು ನಮ್ಮ ಕಡೆ ಬೀದಿಬೀದಿಯಲ್ಲೂ ಇದ್ದಾರೆ. ದೇವರಿಗೆ ಕದ್ದ ಹೂವಿಗೆ ಪಾಪವಿಲ್ಲ ಎಂಬುದು ಅವರ ಕಾನೂನು. ಮೂಲೆಮನೆಯ ಯಜಮಾನರಿಗೆ ಈ ಕಾನೂನು ಒಪ್ಪಿಗೆಯಿರಲಿಲ್ಲ. ಅವರ ಬಿಳಿ ದಾಸವಾಳದ ಗಿಡ ದಿನಾ ಬೋಳಾಗುತ್ತಿತ್ತು. ಕಳ್ಳ ಯಾರು ಎಂದು ಬೀದಿಯ ವಾಟ್ಸಾಪ್ ಗುಂಪು ತಲೆ ಕೆಡಿಸಿಕೊಂಡಿತು. ಅವರಿಗೆಲ್ಲ ಅದು ಪತ್ತೇದಾರಿ ಕಥೆ.

ನನಗೆ ಕಳ್ಳ ಗೊತ್ತಿತ್ತು. ಕೊಡೆಯ ಹಿಡಿಯಿಂದ ಕೊಂಬೆ ಬಗ್ಗಿಸುವವರು ನಮ್ಮಪ್ಪ. ಸಿಕ್ಕಿಬೀಳುತ್ತಾರೋ ಇಲ್ಲವೋ ಎಂಬುದಷ್ಟೇ ನನ್ನ ಪ್ರಶ್ನೆ; ಥ್ರಿಲ್ಲರ್ ಎಂದರೆ ಅದೇ. ಹೂವನ್ನು ದುಡ್ಡು ಕೊಟ್ಟು ತರುತ್ತಾರೆಂದು ನಂಬಿರುವ ಅಮ್ಮನಿಗೆ ವಿಷಯ ತಿಳಿದರೆ ಮಾತ್ರ ಅದು ಹಾರರ್.

ಒಂದು ದಿನ ಮೂಲೆಮನೆಯವರು ಸದ್ದಿಲ್ಲದೆ ಗೇಟಿನ ಮೇಲೆ ಕ್ಯಾಮೆರಾ ಹಾಕಿಸಿದರು. ನಾನು ನೋಡಿದೆ, ಅಪ್ಪ ನೋಡಿಲ್ಲ ಎಂದುಕೊಂಡೆ. ಮೇಷ್ಟ್ರಾಗಿ ನಿವೃತ್ತರಾದ ಅವರನ್ನು ಇಡೀ ಬೀದಿ ಸಾರ್ ಎನ್ನುತ್ತದೆ. ಆ ಮರ್ಯಾದೆ ಒಂದು ಹೂವಿಗೆ ಮಣ್ಣುಪಾಲಾಗುತ್ತದಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಮರುದಿನ ಬೆಳಿಗ್ಗೆ ಬಾಗಿಲಲ್ಲೇ ತಡೆದೆ; ಅಮ್ಮ ಅಲ್ಲೇ ಇದ್ದುದರಿಂದ ಕ್ಯಾಮೆರಾ ವಿಷಯ ಎತ್ತುವಂತಿರಲಿಲ್ಲ. "ಇವತ್ತು ವಾಕಿಂಗ್ ಬೇಡಪ್ಪ, ಚಳಿ ಇದೆ."

"ಚಳಿಗೇ ಕಣೋ ವಾಕಿಂಗು," ಎಂದು ಹೊರಟೇಬಿಟ್ಟರು.

ಅದೇ ಸಂಜೆ ಮೂಲೆಮನೆಯಲ್ಲಿ ಬೀದಿಯವರಿಗೆಲ್ಲ ಕಾಫಿ ಸಮೇತ ವಿಡಿಯೋ ಪ್ರದರ್ಶನ; ಕಳ್ಳನನ್ನು ಎಲ್ಲರ ಜೊತೆಗೇ ನೋಡಬೇಕೆಂದು ಯಜಮಾನರೂ ಮೊದಲೇ ನೋಡಿರಲಿಲ್ಲ. ಹಿರಿಯರೆಂದು ಅಪ್ಪನನ್ನೇ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಟೀವಿಯಲ್ಲಿ ಗೇಟು ಕಾಣಿಸಿತು, ತೆರೆಯಿತು. ಒಳಗಿನಿಂದ ಬಂದವರು ಯಜಮಾನರ ತಾಯಿ! ಪ್ಲಾಸ್ಟಿಕ್ ಕವರ್ ಹಿಡಿದು ನೇರವಾಗಿ ಎದುರುಮನೆಯ ಕಣಗಿಲೆಗೆ ಕೈಹಾಕಿದರು. ಎದುರುಮನೆಯವರು ನನ್ನ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರು.

"ಕರೆಂಟ್ ಪ್ರಾಬ್ಲಮ್ಮು ಕಣ್ರೀ," ಎಂದು ಯಜಮಾನರು ಟೀವಿ ಆರಿಸಿದರು. ಫ್ಯಾನು ತಿರುಗುತ್ತಲೇ ಇತ್ತು.

ಮನೆಗೆ ಬರುವಾಗ ನನಗೆ ಹೋದ ಜೀವ ಬಂದಂತಾಗಿತ್ತು. ಅಪ್ಪನ ಮುಖ ಮಾತ್ರ ಸಪ್ಪಗಿತ್ತು.

"ಇನ್ನೊಂಚೂರು ಓಡಿಸ್ಬೇಕಿತ್ತು ಕಣೋ," ಎಂದರು. "ಕ್ಯಾಮೆರಾ ಇದೆ ಅಂತ್ಲೇ ಇಸ್ತ್ರಿ ಶರ್ಟ್ ಹಾಕ್ಕೊಂಡು ಹೋಗಿದ್ದೆ."